ಕಾಕಾ ಎಳೆದ ಹ್ಯಾಂಡ್ ಬ್ರೇಕ್

ಕಾಕಾನ ಕೆಳತುಟಿಯೊಳಗೆ ಯಾವಾಗಲೂ ಒಂದು ಚಿಟಿಕೆ ತಂಬಾಕು ಇರುತ್ತಿತ್ತು. ಅದರಿಂದ ತುಟಿ ಮುಂದಕ್ಕೆ ಉಬ್ಬಿಕೊಂಡಿರುತ್ತಿತ್ತು. ಯಾರಾದರೂ ಅವನ ಮುಂದೆ ಜಾಣತನ ತೋರಿಸಲು ಹೋದರೆ ಅದು ನಿಧಾನವಾಗಿ ಎಡಕ್ಕೆ ಜಾರುತ್ತಿತ್ತು. ಎಂಜಿನಿಯರುಗಳು, ಹೆಣ್ಣು ನೋಡಲು ಬಂದ ಬೀಗರು, ಟಿವಿಯಲ್ಲಿ ಭವಿಷ್ಯ ಹೇಳುವವರು, ಎಲ್ಲರಿಗೂ ಆ ತುಟಿ ಜಾರಿದ್ದನ್ನು ನಾನು ಕಂಡಿದ್ದೇನೆ. ನನಗಂತೂ ದಿನಾ ಜಾರುತ್ತಿತ್ತು. “ಸಾಲ್ಯಾಗ ಕನ್ನಡ ಕಲಸಾಕ ಬರ್ತೈತಿ, ಕ್ಲಚ್ ಬಿಡಾಕ ಬರಂಗಿಲ್ಲ ನಿನಗ” ಎನ್ನುತ್ತಿದ್ದ.

ಅವನು ನನಗೆ ರಕ್ತಸಂಬಂಧಿಯಲ್ಲ. ಮೂಡಲಗಿಯಲ್ಲಿ ನಮ್ಮ ಪಕ್ಕದ ಮನೆಯವನು. ಹಿಡಕಲ್ ಡ್ಯಾಮಿನಲ್ಲಿ ನೀರಾವರಿ ಇಲಾಖೆಯ ಜೀಪು ಓಡಿಸಿ ನಿವೃತ್ತನಾಗಿದ್ದ. ಅಪ್ಪ ತೀರಿಕೊಂಡ ಮೇಲೆ, ಯಾರೂ ಕರೆಯದಿದ್ದರೂ, ನಮ್ಮ ಮನೆಯ ಹಿರಿತನ ವಹಿಸಿಕೊಂಡ. ಹೊಸ ಕಾರುಗಳ ಎಂಜಿನ್ ಅವನಿಗೆ ತಿಳಿಯುತ್ತಿರಲಿಲ್ಲ. ಬಾನೆಟ್ ಎತ್ತಿ ನೋಡಿ, “ಡಬ್ಬಿ ಮುಚ್ಚಿದಂಗ ಮುಚ್ಚಿಟ್ಟಾರಲ್ಲ ಎಲ್ಲಾ” ಎಂದು ಮತ್ತೆ ಹಾಕಿಬಿಡುತ್ತಿದ್ದ. ಮನುಷ್ಯರು ಮಾತ್ರ ಅವನಿಗೆ ಚೆನ್ನಾಗಿ ತಿಳಿಯುತ್ತಿದ್ದರು, ಅದರಲ್ಲೂ ಅವರ ಕೆಟ್ಟ ಬುದ್ಧಿ.

ನಾನು ಹಳೆಯದೊಂದು ಕಾರು ತೆಗೆದುಕೊಂಡದ್ದು ಅವ್ವನ ಸಲುವಾಗಿ. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಘಟಪ್ರಭಾದ ದವಾಖಾನೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಒಂದು ಸಲ ತಪ್ಪಿದರೂ ಮೈ ಬಾತು ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಬಸ್ಸಿನ ನೂಕುನುಗ್ಗಲು ತಡೆಯುವ ತ್ರಾಣ ಅವಳಿಗಿರಲಿಲ್ಲ. ಹೀಗಿರುವಾಗ ಒಂದು ದಿನ ಸ್ಟಿಯರಿಂಗಿನ ಹಿಂದೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿ ಕೂತಿತು.

ಊರಿನ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ದೀಪ ನೋಡುವ ಮೊದಲು ನನ್ನ ಹಿಂದೆ ನೋಡಿದ. “ಗಂಡಮಕ್ಕಳು ಯಾರೂ ಬಂದಿಲ್ಲೇನ್ರಿ ಟೀಚರ್?” ಎಂದ. ಇಲ್ಲವೆಂದೆ. ಅವನು ಸ್ವಲ್ಪ ಯೋಚಿಸಿ, ವೈರಿಗೆ ಸುತ್ತುವ ಕರಿ ಟೇಪು ಹರಿದು ಆ ದೀಪದ ಮೇಲೆ ಅಂಟಿಸಿದ. “ಈಗ ನೋಡ್ರಿ, ಟೆನ್ಶನ್ನ ಇಲ್ಲ.” ಅಷ್ಟು ನೆಮ್ಮದಿಯಿಂದ ದಡ್ಡನಾಗಿರುವವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮುಂದಿನ ವಾರ ಘಟಪ್ರಭಾದ ಅರ್ಧ ದಾರಿಯಲ್ಲಿ ಕಾರು ನಿಂತಿತು. ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಅವ್ವ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ನಾನು ಫೋನು ಮಾಡಿದ್ದು ಕಾಕಾನಿಗೆ. ಅವನು ಬಾಡಿಗೆ ಗಾಡಿ ಹಿಡಿದು ಬಂದು ಅವ್ವನನ್ನು ದವಾಖಾನೆ ಮುಟ್ಟಿಸಿದ. ಆಮೇಲೆ ಆ ಟೇಪು ಕಿತ್ತು ಜೇಬಿನಲ್ಲಿಟ್ಟುಕೊಂಡ. ಮರುದಿನ ಊರಿನ ಗ್ಯಾರೇಜಿಗೆ ಹೋಗಿ ಅದನ್ನು ಮೆಕ್ಯಾನಿಕ್ಕಿನ ಕನ್ನಡಕದ ಗಾಜಿಗೆ ಅಂಟಿಸಿ, “ಇನ್ನ ನಿನಗೂ ಟೆನ್ಶನ್ ಇಲ್ಲ” ಎಂದು ಬಂದನಂತೆ.

ಕಾರು ತಾನಾಗಿಯೇ ಮತ್ತೆ ಚಾಲೂ ಆಯಿತು, ಹಳದಿ ದೀಪ ಮಾತ್ರ ಆರಲಿಲ್ಲ. ಯಾವಾಗ ಮತ್ತೆ ನಡುದಾರಿಯಲ್ಲಿ ನಿಲ್ಲುವುದೋ ಎಂದು ನನಗೆ ಊಟ ಸೇರದಾಯಿತು. “ರಿಪೇರಿ ಆಮ್ಯಾಲಿಂದು. ಮೊದಲ ಮನಷ್ಯಾನ್ನ ಹುಡುಕೂಣು ನಡಿ” ಎಂದ ಕಾಕಾ.

ಅವನ ಹುಡುಕಾಟದ ರೀತಿ ಹೀಗಿತ್ತು. ಗ್ಯಾರೇಜಿನ ಬಾಗಿಲಲ್ಲಿ ನಾನು ಕಾರು ನಿಲ್ಲಿಸಿದ ಕೂಡಲೇ, ಪಕ್ಕದ ಸೀಟಿನಲ್ಲಿ ಕೂತ ಅವನು ಹ್ಯಾಂಡ್ ಬ್ರೇಕನ್ನು ಕಟ್ ಎಂದು ಒಂದೇ ಒಂದು ಹಲ್ಲು, ಕಣ್ಣಿಗೆ ಬೀಳದಷ್ಟು, ಮೇಲಕ್ಕೆ ಎಳೆಯುತ್ತಿದ್ದ. ಆಗ ಬ್ರೇಕಿನ ಕೆಂಪು ದೀಪ ಹತ್ತುತ್ತದೆ, ಇಳಿಸಿದರೆ ಆರುತ್ತದೆ. ಕಾರು ಕಲಿಯುವ ಮೊದಲ ದಿನವೇ ಹೇಳಿಕೊಡುವ ಸಂಗತಿ. ಹಳದಿ ದೀಪದ ಮಾತೇ ಎತ್ತದೆ, ಕಾಕಾ ಬಡಪಾಯಿಯ ಮುಖ ಮಾಡಿಕೊಂಡು, “ಈ ಕೆಂಪ ಲೈಟ್ ಯಾಕ ಹತ್ತೇತಿ ನೋಡ್ರಿ ಸ್ವಲ್ಪ” ಎನ್ನುತ್ತಿದ್ದ.

ಗೋಕಾಕಿನಲ್ಲಿ ಗಾಜಿನ ಕೋಣೆ, ಮೆತ್ತನೆ ಸೋಫಾ ಇರುವ ಗ್ಯಾರೇಜಿಗೆ ಹೋದೆವು. ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಡ್ಯಾಶ್‌ಬೋರ್ಡಿನ ಕೆಳಗೆ ವೈರು ಸಿಕ್ಕಿಸಿ, ಕೈಯಲ್ಲಿದ್ದ ಪರದೆಯನ್ನು ಪಂಚಾಂಗದಂತೆ ನೋಡಿ, “ಬ್ರೇಕಿನ ಸಿಲಿಂಡರ್ ಹೋಗೇತ್ರಿ. ಗಾಡಿ ಇಲ್ಲೇ ಬಿಟ್ಟ ಹೋಗ್ರಿ” ಎಂದ.

“ಖರೇನ?”

“ಖರೇ ರೀ ಕಾಕಾ. ಕಂಪ್ಯೂಟರ್ ಹೇಳಾಕತ್ತೇತಿ.”

ಕಾಕಾನ ತುಟಿ ಎಡಕ್ಕೆ ಜಾರಿತು. ಕೈ ಚಾಚಿ ಹ್ಯಾಂಡ್ ಬ್ರೇಕ್ ಇಳಿಸಿದ. ದೀಪ ಆರಿತು. “ರಿಪೇರಿ ಆತ ನೋಡೋ ತಮ್ಮಾ. ನಿನ್ನ ಕಂಪ್ಯೂಟರಿಗೆ ಒಂದ ಊದಿನಕಡ್ಡಿ ಹಚ್ಚು.”

ಘಟಪ್ರಭಾದಲ್ಲಿ ಒಬ್ಬ ನಾಲ್ಕೂ ಗಾಲಿ ಬಿಚ್ಚಲು ಹೊರಟ. ಇನ್ನೊಬ್ಬ, ತಾನು ಸುಳ್ಳು ಹೇಳುವವನಲ್ಲವೆಂದು ಹಣೆಯ ವಿಭೂತಿ ಮುಟ್ಟಿ ಆಣೆ ಮಾಡಿ, ಆಮೇಲೆ ಸುಳ್ಳು ಹೇಳಿದ. ಇವರ ಕೈಗೆ ಅವ್ವನ ಉಸಿರನ್ನು ಒಪ್ಪಿಸಬೇಕೆ ಎಂದು ನನಗೆ ಮೈ ಉರಿಯುತ್ತಿತ್ತು. ಕಾಕಾನಿಗೆ ಮಾತ್ರ ಇದು ಹಬ್ಬ. ಒಬ್ಬೊಬ್ಬ ಸಿಕ್ಕಿಬಿದ್ದಾಗಲೂ ಅವನ ಮುಖಕ್ಕೆ ಕಳೆ ಬರುತ್ತಿತ್ತು.

ಕೊನೆಗೆ ಹುಕ್ಕೇರಿ. ಅಲ್ಲಿನ ಮೆಕ್ಯಾನಿಕ್ ಬರ್ರಿ ಎನ್ನಲಿಲ್ಲ, ಕೂಡ್ರಿ ಎನ್ನಲಿಲ್ಲ. ಕಾಕಾನ ಮಾತು ಮುಗಿಯುವ ಮೊದಲೇ ಸೀಟಿನಲ್ಲಿ ಕೂತು, ಕೈಯನ್ನು ನೇರ ಹ್ಯಾಂಡ್ ಬ್ರೇಕಿಗೆ ಹಾಕಿ ಕೆಳಗೆ ಒತ್ತಿದ. ದೀಪ ಆರಿತು.

“ಈ ವಯಸ್ಸಿನ್ಯಾಗ ನಾಟಕಾ ಮಾಡಾಕ ನಾಚಿಕಿ ಬರಂಗಿಲ್ಲೇನೋ ಮುದುಕಾ? ಖರೇ ಏನಾಗೇತಿ ಹೇಳು, ಇಲ್ಲಂದ್ರ ದಾರಿ ಬಿಡು.”

ಕಾಕಾನಿಗೆ ಅಷ್ಟು ಸಂತೋಷವಾದದ್ದನ್ನು ನಾನು ನೋಡಿರಲಿಲ್ಲ. ಹಳದಿ ದೀಪದ ಕಥೆ ಹೇಳಿದ. ಮೆಕ್ಯಾನಿಕ್ ಬಹಳ ಹೊತ್ತು ಬಾನೆಟ್ಟಿನೊಳಗೆ ತಲೆ ಹಾಕಿ, ಹೊರಬಂದು ಕೈ ಒರೆಸಿಕೊಂಡ. “ಇದು ಯಾಕ ಹತ್ತೇತಿ ನನಗ ತಿಳಿವಲ್ದು. ಗಾಡಿ ಬಿಟ್ಟ ಹೋಗ್ರಿ. ಸಿಕ್ಕರ ಹೇಳತೇನಿ, ಸಿಗಲಿಲ್ಲಂದ್ರ ಒಯ್ರಿ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಾಕಾ ನನ್ನ ಮೊಣಕೈ ತಿವಿದ. “ತಿಳಿವಲ್ದು ಅಂದಾ, ಕೇಳಿದೇನು? ಇಷ್ಟ ಮಂದ್ಯಾಗ ಇವನೊಬ್ಬಾಂವ ಅಂದಾ.” ಅಲ್ಲಿಯವರೆಗೆ ಅವ್ವನನ್ನು ಬಾಡಿಗೆ ಗಾಡಿಯಲ್ಲಿ ದವಾಖಾನೆಗೆ ಒಯ್ದೆವು. ವಾರದೊಳಗೆ ಕಾರಣ ಸಿಕ್ಕಿತು. ನಮ್ಮ ಮನೆಯ ಹಿಂದಿನ ಕಬ್ಬಿನ ಹೊಲದ ಇಲಿಯೊಂದು ಕಾರಿನೊಳಗೆ ಸೇರಿ ವೈರು ಕಡಿದಿತ್ತು. ಅದಾದ ಮೇಲೆ ಅವ್ವನನ್ನು ಕೂರಿಸಿಕೊಂಡು ಹೊರಟ ಕಾರು ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ.

ಆದರೂ ಕಾಕಾ ಬಿಡಲಿಲ್ಲ. ಸರ್ವಿಸಿಂಗಿಗೆಂದು ಹುಕ್ಕೇರಿಗೆ ಹೋದಾಗಲೆಲ್ಲ ಆ ಮೆಕ್ಯಾನಿಕ್ಕಿನ ಶೆಡ್ಡಿನ ಮುಂದೆ ಹ್ಯಾಂಡ್ ಬ್ರೇಕನ್ನು ಕಟ್ ಎನ್ನಿಸುತ್ತಿದ್ದ. “ಇನ್ನೂ ಎಷ್ಟ ಸಲಾ ಕಾಕಾ, ಸಾಕ ಮಾಡು” ಎಂದು ನಾನು ಜಗಳಾಡುತ್ತಿದ್ದೆ. “ನಿನ್ನೆ ಚೊಲೋ ಇದ್ದಾಂವ ಇವತ್ತೂ ಚೊಲೋ ಇರತಾನಂತ ಯಾರ ಬರಕೊಟ್ಟಾರ?” ಎನ್ನುತ್ತಿದ್ದ. ಮೆಕ್ಯಾನಿಕ್ ಪ್ರತಿಸಲ ಬೈದು, ಬ್ರೇಕ್ ಇಳಿಸಿ, ಆಮೇಲೆ ಕೆಲಸ ಹಿಡಿಯುತ್ತಿದ್ದ. ಇಬ್ಬರೂ ಎಂದೂ ಒಬ್ಬರಿಗೊಬ್ಬರು ಒಂದು ಕಪ್ ಚಹಾ ಕುಡಿಸಲಿಲ್ಲ.

ಕಳೆದ ಶ್ರಾವಣದಲ್ಲಿ ಕಾಕಾ ಹೋದ. ಬೆಳಿಗ್ಗೆ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ ಕೂತವನು ಮತ್ತೆ ಏಳಲಿಲ್ಲ. ಸಾವಿನ ಮನೆಗೆ ಮಾತನಾಡಿಸಲು ಬಂದವರೆಲ್ಲ “ಯಾರಿಗೂ ಒಂದ ಮಾತ ಅಂದಾಂವ ಅಲ್ಲ” ಎಂದರು. ಇದ್ದಿದ್ದರೆ ಅದನ್ನು ಕೇಳಿ ತುಟಿ ಜಾರಿಸುತ್ತಿದ್ದ. ನಾನು ಒಳಗೆ ಹೋಗಿ ಅತ್ತೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ತಿಂಗಳಾದ ಮೇಲೆ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹುಕ್ಕೇರಿಗೆ ಹೋದೆ. ನಾನು ಇಳಿದ ಮೇಲೆ ಮೆಕ್ಯಾನಿಕ್ ಎಂದಿನಂತೆ ಬಂದು ಕೂತು, ಕೀಲಿ ತಿರುವಿ, ಹ್ಯಾಂಡ್ ಬ್ರೇಕಿಗೆ ಕೈ ಹಾಕಿದ. ಅದು ಕೆಳಗೇ ಇತ್ತು. ಪಕ್ಕದ ಖಾಲಿ ಸೀಟು ನೋಡಿದ.

“ಮುದುಕಾ ಎಲ್ಲಿ?”

“ಹೋದ್ನಪಾ ಅಂವ” ಎಂದಳು ಅವ್ವ, ಹಿಂದಿನ ಸೀಟಿನಿಂದ.

ಅವನು ಹ್ಯಾಂಡ್ ಬ್ರೇಕನ್ನು ತಾನೇ ಒಂದು ಹಲ್ಲು ಮೇಲಕ್ಕೆ ಎಳೆದ. ಕೆಂಪು ದೀಪ ಹತ್ತಿತು. ಅದನ್ನು ನೋಡುತ್ತ, “ನಾಚಿಕಿ ಬರಂಗಿಲ್ಲೇನೋ ಮುದುಕಾ” ಎಂದು ಮೆಲ್ಲಗೆ ಅಂದು, ಬ್ರೇಕ್ ಇಳಿಸಿ, ಬಾನೆಟ್ ತೆಗೆಯಲು ಹೋದ.