ಹಣೆ ನೋಡದ ಕೂಲಿ

ದೇವರ ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವವರು ಕೂಲಿ ಕೇಳಬಹುದೇ ಎಂದು ಯಾರಾದರೂ ಚರ್ಚೆ ಶುರು ಮಾಡಿದರೆ ನಾನು ಎದ್ದು ಹೋಗುತ್ತೇನೆ. ಅದರಲ್ಲಿ ಚರ್ಚಿಸುವಂಥದ್ದು ಏನಿದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಕಂಡದ್ದನ್ನು ಮಾತ್ರ ಹೇಳಬಲ್ಲೆ.

ಆ ವರ್ಷಗಳಲ್ಲಿ ಆಂಧ್ರದ ಗಡಿಯ ರಾಯದುರ್ಗದ ನಮ್ಮ ಓಣಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯದ ಮನೆಯನ್ನು ಹುಡುಕಬೇಕಿತ್ತು. ನಾನೂ ನನ್ನ ಅಕ್ಕನೂ ಒಂದೇ ಯೂನಿಟ್ಟಿನಲ್ಲಿ ಕೂರುತ್ತಿದ್ದೆವು. ಅಕ್ಕ ಜಿಪ್ಪು ಕೂರಿಸುತ್ತಿದ್ದಳು, ನಾನು ಹಿಂದಿನ ಜೇಬು. ಜಿಪ್ಪಿನವಳಿಗೆ ಜಿಪ್ಪಿನ ಕೂಲಿ, ಜೇಬಿನವಳಿಗೆ ಜೇಬಿನದು, ಕೊನೆಗೆ ದಾರ ಕತ್ತರಿಸುವವರಿಗೂ ಅವರದು. ಅಕ್ಕನ ಮಷೀನು ಕಿಟಕಿಯ ಪಕ್ಕ ಇತ್ತು, ಬೆಳಕು ಚೆನ್ನಾಗಿ ಬೀಳುತ್ತಿತ್ತು. ಆ ಜಾಗದ ಮೇಲೆ ಎಲ್ಲರಿಗೂ ಕಣ್ಣು. ಗಂಡ ತೀರಿದ ಮೇಲೆ ಅಕ್ಕನ ಮನೆ ನಡೆಯುತ್ತಿದ್ದುದು ಆ ಮಷೀನಿನಿಂದಲೇ.

ನಮ್ಮ ಊರದೇವತೆ ಅಮ್ಮನ ಗುಡಿಯಲ್ಲಿ ದಸರೆಗೆ ಪುರಾಣ ಓದಿಸುತ್ತಾರೆ. ಅದು ಹಳೆಯ ತೆಲುಗು. ಹೊಲಿಗೆಗೆಂದು ಬಳ್ಳಾರಿಗೆ ಹೋಗಿ ನೆಲೆಸಿದ ನಮ್ಮ ಕಡೆಯವರ ಮಕ್ಕಳು ಅಲ್ಲಿ ಕನ್ನಡ ಶಾಲೆ ಸೇರಿದ್ದರು, ಅವರಿಗೆ ತೆಲುಗು ಅಕ್ಷರ ಬಾರದು. ಆ ಕುಟುಂಬಗಳು ಚಂದಾ ಎತ್ತಿ, ಪುರಾಣವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿರೆಂದು ಗುಡಿಯ ಕಮಿಟಿಗೆ ಕಳಿಸಿದವು. ಅಕ್ಕ ಬಳ್ಳಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕನ್ನಡದಲ್ಲಿ ಓದಿದವಳು. ತೆಲುಗನ್ನು ಇಲ್ಲಿಗೆ ಬಂದು ಕಲಿತವಳು. ಕಮಿಟಿಯ ಹಿರಿಯರೊಬ್ಬರು ಅವಳನ್ನು ಗುಡಿಯ ಕಟ್ಟೆಗೆ ಕರೆಸಿದರು. ನಾನೂ ಜೊತೆಗೆ ಹೋದೆ.

“ಈ ಊರಾಗ ಎರಡೂ ಬರೋದು ನಿನಗ ಒಬ್ಬಾಕಿಗೆ ಅವ್ವಾ. ಅಮ್ಮನ ಸೇವಾ ಅಂತ ಮಾಡಿಕೊಡು,” ಎಂದರು ಹಿರಿಯರು.

“ಮಾಡ್ತೀನ್ರಿ. ಕೂಲಿ ಏನ್ ಕೊಡ್ತೀರಿ?”

ಹಿರಿಯರು ಮುಖ ಸಣ್ಣದು ಮಾಡಿದರು. “ದೇವರ ಮಾತಿಗೆ ರೇಟ್ ಕಟ್ಟಿದ್ರ ಅದಕ್ಕ ಶಕ್ತಿ ಇರಂಗಿಲ್ಲವ್ವಾ.”

“ಪ್ರೆಸ್ಸಿನೋರು ಪುಕ್ಕಟೆ ಅಚ್ಚು ಹಾಕ್ತಾರೇನ್ರಿ?”

“ಅದು ಕಾಗದದ ಖರ್ಚು.”

“ಹಾರ್ಮೋನಿಯಂ ಬಾರಿಸೋರು?”

“ಅವ ದೂರದಿಂದ ಬರ್ತಾನ.”

“ಹಂಗಾದ್ರ ನಾನೂ ಗುಂತಕಲ್ಲಿಗೆ ಹೋಗಿ ಕುಂತು ಬರ್ಕೊಂಡು ಬರ್ತೀನ್ರಿ.”

ಪಕ್ಕದಲ್ಲಿದ್ದ ಕಮಿಟಿಯ ಖಜಾಂಚಿ ನಕ್ಕುಬಿಟ್ಟ. ಹಿರಿಯರ ಕಡೆ ನೋಡಿ ನಗು ನುಂಗಿದ. ಹಿರಿಯರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಈ ಗುಡಿ ಕಟ್ಟುವಾಗ ತಮ್ಮ ತಂದೆ ಕೂಲಿಯಿಲ್ಲದೆ ಕಲ್ಲು ಹೊತ್ತದ್ದನ್ನು ಅವರು ನಿಜವಾದ ಭಕ್ತಿಯಿಂದಲೇ ನೆನೆದರು. “ಅವರಿಗೆ ನೀರಾವರಿ ಹೊಲ ಇತ್ತಲ್ರಿ,” ಎಂದಳು ಅಕ್ಕ. ಕೊನೆಗೆ ಅವರು, ಕೂಲಿ ಇಲ್ಲ, ಆದರೆ ತುಂಬಿದ ಸಭೆಯಲ್ಲಿ ದೊಡ್ಡ ಮರ್ಯಾದೆ ಮಾಡುತ್ತೇವೆ ಎಂದು ಮಾತು ಕೊಟ್ಟರು. ಅಕ್ಕ ಒಪ್ಪಿದಳು. ಮನೆಗೆ ಬರುವಾಗ ನಾನು ಬೈದೆ.

“ಆ ಕಥಿ ಬರೀಬೇಕು ಅಂತ ನನಗ ಮನಸೈತಿ,” ಎಂದಳು. “ಅದು ಬ್ಯಾರೆ, ಕೂಲಿ ಬ್ಯಾರೆ. ಎರಡೂ ಒಂದ ಅಂತ ಅವರು ತಿಳ್ಕೊಂಡಾರ, ನೀನೂ ತಿಳ್ಕೋಬ್ಯಾಡ.”

ದಸರೆಯ ಆರ್ಡರು ಬರುವ ತನಕ ಯೂನಿಟ್ಟಿನ ಮೇಸ್ತ್ರಿ ಅವಳಿಗೆ ರಜೆ ಕೊಟ್ಟ. ಅವಳು ಬರೆಯುವ ರೀತಿಯೇ ಬೇರೆ. ಬರೆದದ್ದನ್ನು ಮಧ್ಯಾಹ್ನ ಊಟದ ಬಿಡುವಿಗೆ ಯೂನಿಟ್ಟಿಗೆ ತಂದು, ದಾರ ಕತ್ತರಿಸುವ ಹೆಂಗಸರ ನಡುವೆ ಕೂತು ಓದುತ್ತಿದ್ದಳು. ಅವರು ಬುತ್ತಿ ಉಣ್ಣುತ್ತಾ ಕೇಳುವರು. ಯಾರಾದರೂ “ಆಮೇಲ?” ಎಂದರೆ ಆ ಭಾಗ ಉಳಿಯುತ್ತಿತ್ತು. ಯಾರೂ ಏನೂ ಅನ್ನದೆ ಉಪ್ಪಿನಕಾಯಿ ಹಂಚಿಕೊಂಡರೆ, ಮನೆಗೆ ಒಯ್ದು ಮತ್ತೆ ಬರೆಯುತ್ತಿದ್ದಳು.

ಪುರಾಣದ ಎರಡು ಭಾಗಗಳಲ್ಲಿ ಮೊದಲನೆಯದು ಶ್ರಾವಣಕ್ಕೆ ಮುಗಿಯಿತು. ಕಮಿಟಿಯವರು ಅದನ್ನು ಇಬ್ಬರು ಪಂಡಿತರಿಗೆ ತೋರಿಸಿದರು. ಒಬ್ಬರು ಭಾಷೆ ತೀರ ಸರಳ ಎಂದರು. ಅಕ್ಕ ತಿದ್ದಿದಳು. ಇನ್ನೊಬ್ಬರು ಈಗ ಕಠಿಣವಾಯಿತು ಎಂದರು. ಮತ್ತೆ ಮೊದಲಿನಂತೆ ಮಾಡಿಕೊಟ್ಟಳು. ಪುಕ್ಕಟೆ ಕೆಲಸಕ್ಕೆ ತಿದ್ದುಪಡಿಯ ಮಿತಿಯೂ ಇರುವುದಿಲ್ಲ. ಅಷ್ಟರಲ್ಲಿ ಆರ್ಡರು ಬಂತು. ಮೇಸ್ತ್ರಿ ಎರಡು ಸಲ ಹೇಳಿ ಕಳಿಸಿದ, ಮೂರನೆಯ ಸಲ ಕಿಟಕಿಯ ಮಷೀನಿಗೆ ಬೇರೊಬ್ಬಳನ್ನು ಕೂರಿಸಿದ.

“ಆರ್ಡರು ನನ್ನ ಮಾತು ಕೇಳಂಗಿಲ್ಲಕ್ಕಾ,” ಎಂದ ತಲೆ ತಗ್ಗಿಸಿ. ಅಕ್ಕ ಕತ್ತರಿ ಹಿಡಿದು ದಾರದವರ ಜೊತೆ ನೆಲದ ಮೇಲೆ ಕೂತಳು. ಅಲ್ಲಿ ಕೂಲಿ ಅರ್ಧದಷ್ಟೂ ಇಲ್ಲ.

ದಸರೆಯ ಮೊದಲ ದಿನ ಪುಸ್ತಕ ಬಿಡುಗಡೆ. ಫ್ಲೆಕ್ಸಿನಲ್ಲಿ ಕಮಿಟಿಯವರೆಲ್ಲರ ಮುಖ ಇತ್ತು. ಪ್ರೆಸ್ಸಿನವರಿಗೆ ಶಾಲು, ಪಂಡಿತರಿಗೆ ಶಾಲು ಮತ್ತು ದಕ್ಷಿಣೆ. ಆಮೇಲೆ ಮೈಕಿನಲ್ಲಿ, ಪುರಾಣವನ್ನು ಕನ್ನಡಕ್ಕೆ ತಂದ ನಮ್ಮೂರ ಮಗಳಿಗೆ ಉಡಿ ತುಂಬುವ ಕಾರ್ಯಕ್ರಮ ಎಂದು ಕೂಗಿದರು. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆಯ ಕಣ, ಹಸಿರು ಬಳೆ, ಅರಿಶಿನ ಕುಂಕುಮ. ನಮ್ಮ ಕಡೆ ಹೆಣ್ಣಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಮುತ್ತೈದೆಗೆ ಮಾತ್ರ.

ಕೂಗಿದ್ದೇ ತಡ, ಅಕ್ಕ ಮುಂದೆ ಬಂದು ಸೆರಗು ಚಾಚಿದಳು. ಮದುವೆಯಾದಾಗಿನಿಂದ ಚಾಚಿದ ಸೆರಗು, ಕೈ ತಾನೇ ಚಾಚಿತು. ಹಿರಿಯರ ಹೆಂಡತಿ ಬೊಗಸೆಯಲ್ಲಿ ಅಕ್ಕಿ ಎತ್ತಿದವರು ಹಾಗೇ ನಿಂತರು. ಅಕ್ಕನ ಗಂಡನ ಮಣ್ಣಿಗೆ ಬಂದಿದ್ದವರೇ ಆ ಕಮಿಟಿಯವರೆಲ್ಲ. ಇಷ್ಟು ದಿನ ಮೀಟಿಂಗು ಮಾಡಿ, ತಟ್ಟೆ ಜೋಡಿಸಿ, ಒಬ್ಬರಿಗೂ ಅದು ಹೊಳೆದಿರಲಿಲ್ಲ. ಸ್ವಲ್ಪ ಅಕ್ಕಿ ಬೆರಳ ಸಂದಿಯಿಂದ ಜಮಖಾನೆಯ ಮೇಲೆ ಬಿತ್ತು. ಹಿರಿಯರು ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, “ಆಕಿ ಪರವಾಗಿ ನೀನ ಹಿಡಿ,” ಎಂದರು. ಅವರ ಕೈಯಲ್ಲೇ ಮೈಕಿತ್ತು. ಎಲ್ಲರಿಗೂ ಕೇಳಿಸಿತು.

ಹೆಂಡತಿ ಬೊಗಸೆಯ ಅಕ್ಕಿಯನ್ನು ಪಕ್ಕದ ಮುತ್ತೈದೆಗೆ ಕೊಟ್ಟು ತಾವೇ ಸೆರಗು ಒಡ್ಡಿದರು. ಉಡಿ ಅವರಿಗೆ ತುಂಬಿತು. ಜನ ಚಪ್ಪಾಳೆ ತಟ್ಟಿದರು. ಅಕ್ಕ ತನ್ನ ಸೆರಗನ್ನು ಮೆಲ್ಲಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಫೋಟೋದವನು, “ಅಕ್ಕಾರ, ಸ್ವಲ್ಪ ಈ ಕಡೆ ಸರೀರಿ,” ಎಂದ. ಸರಿದಳು.

ಬಳ್ಳಾರಿಯವರಿಗೆ ಪುಸ್ತಕ ಬಹಳ ಹಿಡಿಸಿತು. ದೀಪಾವಳಿ ಕಳೆದು ಹಿರಿಯರೇ ಮನೆಗೆ ಬಂದರು. ಅವತ್ತಿನದು ತಪ್ಪಾಯಿತು ಎಂದೂ ಹೇಳಿದರು. ಆಮೇಲೆ, “ಎರಡನೇ ಭಾಗನೂ ಮಾಡಿಬಿಡವ್ವಾ. ಈ ಸಲ ಶಾಲು ಹೊಚ್ಚತೀವಿ,” ಎಂದರು.

“ಶಾಲು ಬ್ಯಾಡ್ರಿ. ಕೂಲಿ ಕೊಡ್ರಿ.”

“ಮತ್ತ ಅದ ಮಾತು ತಗದಿ.”

“ಮರ್ಯಾದಿ ಕೊಡಾಕ ಬಂದ್ರಿ, ನನ್ನ ಹಣಿ ನೋಡಿ ತಿರುಗಿ ಒಯ್ದ್ರಿ. ಶನಿವಾರ ಕೂಲಿ ಕೊಡೋವಾಗ ನಮ್ಮ ಮೇಸ್ತ್ರಿ ಯಾರ ಹಣಿನೂ ನೋಡಂಗಿಲ್ರಿ. ಮಾಡಿದ ಪೀಸ್ ನೋಡ್ತಾನ.”

ಹಿರಿಯರು ಚಹಾದ ಲೋಟ ಕೆಳಗಿಟ್ಟರು. ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ ಎಂದರು. ಕೇಳಿದರೋ ಇಲ್ಲವೋ ಗೊತ್ತಿಲ್ಲ, ತಿರುಗಿ ಬರಲಿಲ್ಲ. ಗುಡಿಗೆ ಹೊಸ ಗೇಟು ಮಾತ್ರ ಬಂತು. ಕೂರಿಸಿದವನು ಕೂಲಿ ತಗೊಂಡ.

ಯುಗಾದಿಯ ಹೊತ್ತಿಗೆ ಅಕ್ಕನಿಗೆ ಮಷೀನು ಸಿಕ್ಕಿತು, ಕಿಟಕಿಯದಲ್ಲ, ಗೋಡೆಯ ಮೂಲೆಯದು, ಹಗಲಲ್ಲೂ ಲೈಟು ಬೇಕು. ಮೊದಲ ಭಾಗ ಮುಗಿಯುವುದು ರಾಕ್ಷಸ ಊರ ಬಾಗಿಲಿಗೆ ಬಂದು ನಿಂತಲ್ಲಿ. ದಾರದ ಹೆಂಗಸರು ಬುತ್ತಿ ಬಿಚ್ಚುವಾಗ ಕೇಳುತ್ತಲೇ ಇದ್ದರು:

“ಆಮೇಲ ಏನಾತಕ್ಕಾ?”

“ಅಮ್ಮ ಇನ್ನೂ ಕತ್ತಿ ಎತ್ತಿಲ್ಲವ್ವಾ. ಕಮಿಟಿಯೋರು ಕೂಲಿ ಗೊತ್ತು ಮಾಡ್ಲಿ, ಎತ್ತಿಸ್ತೀನಿ,” ಎನ್ನುತ್ತಿದ್ದಳು ಅಕ್ಕ, ಜಿಪ್ಪಿನ ಮೇಲಿಂದ ಕಣ್ಣೆತ್ತದೆ.