ಚೀಟಿ ಕಟ್ಟಿ ಕೊಡುತ್ತಿದ್ದ ಕಾಕಾ

ಕಾಕಾನ ಬಲಗಣ್ಣಿನ ಸುತ್ತ ಒಂದು ಉಂಗುರವಿತ್ತು. ವರ್ಷಾನುಗಟ್ಟಲೆ ಅದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕ್ಯಾಮೆರಾ ಬಿಚ್ಚಿ ಬಿಚ್ಚಿ ಚರ್ಮ ದುಂಡಗೆ ಕುಳಿಬಿದ್ದಿತ್ತು. ಭೂತಗನ್ನಡಿ ತೆಗೆದು ಪಕ್ಕಕ್ಕಿಟ್ಟರೂ ಆ ಗುರುತು ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಇರುತ್ತಿತ್ತು, ಮಗಳ ಮದುವೆಯ ಫೋಟೋದಲ್ಲೂ ಇದೆ. ಆ ಫೋಟೋ ತೆಗೆದವಳು ನಾನೇ.

ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ರಿಪೇರಿ ಅಂಗಡಿ. ಅಂಗಡಿ ಅನ್ನುವುದೇ ದೊಡ್ಡ ಮಾತಾಯಿತು. ಕಾಕಾ ಆರಡಿ ಆಳು. ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತಿತ್ತು. ಹಾಗಾಗಿ ಬೆಳಿಗ್ಗೆ ಬಗ್ಗಿ ಒಳಗೆ ಹೋದವರು ಸಂಜೆ ಬಗ್ಗಿಯೇ ಹೊರಗೆ ಬರುತ್ತಿದ್ದರು. "ಇದು ಇಲಿಬೋನು ಯವ್ವಾ," ಅನ್ನುತ್ತಿದ್ದರು. "ನಾ ಒಳಗ ಬಂದಾಗ ಒಂದು ರೊಟ್ಟಿ ಚೂರು ಇತ್ತು. ಅದು ತೀರಿ ಭಾಳ ದಿನ ಆತು. ಬಾಗಿಲು ಮಾತ್ರ ತೆರೀವಲ್ದು." ಮೊಬೈಲ್ ಬಂದ ಮೇಲೆ ಕ್ಯಾಮೆರಾ ರಿಪೇರಿಗೆ ಬರುವವರೇ ಕಡಿಮೆ. ಆ ವಯಸ್ಸಿನಲ್ಲಿ ಬೇರೆ ಕೆಲಸ ಕಲಿಯುವುದಕ್ಕೂ ಆಗದೆ ಅಲ್ಲೇ ಕೂತಿದ್ದರು.

ಕಾಕಾ ನನ್ನ ರಕ್ತಸಂಬಂಧಿಯಲ್ಲ. ನಾನು ಮಲಪನಗುಡಿಯವಳು. ಬಸುರಿಯರ ಕುಬುಸ, ತೊಟ್ಟಿಲು, ಮದುವೆ ಅಂತ ಊರೂರು ತಿರುಗಿ ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು. ಮೊದಲ ಸಲ ಕ್ಯಾಮೆರಾ ಕೆಟ್ಟಾಗ ಅವರ ಹತ್ತಿರ ಓಡಿದ್ದೆ. "ಯಾರ ಮಗಳವ್ವಾ ನೀನು?" ಎಂದು ಕೇಳಿ, ಚಹಾ ತರಿಸಿ, ಕ್ಯಾಮೆರಾ ಇಸಿದುಕೊಂಡರು. ಅವತ್ತಿನಿಂದ ಅವರು ನನಗೆ ಕಾಕಾ, ಅವರ ಹೆಂಡತಿ ಚಿಗವ್ವ.

ಕಾಕಾನಿಗೆ ಒಂದು ಶಬ್ದ ಕಂಡರೆ ಆಗುತ್ತಿರಲಿಲ್ಲ. ಅದು 'ಚಲೋ'. ಗಿರಾಕಿ ಬಂದು "ಚಲೋ ಆತೇನ್ರಿ?" ಅಂದರೆ ಸಾಕು, ಮುಖ ಸಿಂಡರಿಸುತ್ತಿದ್ದರು. "ಚಲೋ ಅಂದ್ರ ಏನ್ರಿ? ಏನು ಕೆಟ್ಟೇತಿ ಕೇಳ್ರಿ, ಹೇಳ್ತೀನಿ." ರಿಪೇರಿಯಾದ ಪ್ರತಿ ಕ್ಯಾಮೆರಾಕ್ಕೂ ದಾರದಲ್ಲಿ ಒಂದು ಚೀಟಿ ಕಟ್ಟಿಯೇ ಕೊಡುತ್ತಿದ್ದರು. 'ಎಡಗಡೆ ಗುಂಡಿ ಎರಡು ಸಲ ಒತ್ತಬೇಕು.' 'ಬ್ಯಾಟರಿ ಬಾಗಿಲು ಬಿಗಿ.' 'ಫ್ಲಾಶ್ ಸತ್ತೇತಿ, ಆಸೆ ಬಿಡ್ರಿ.' ಸರಿಯಾಗಿದ್ದುದರ ಬಗ್ಗೆ ಒಂದಕ್ಷರವೂ ಇರುತ್ತಿರಲಿಲ್ಲ.

ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಇದೇ ಕಥೆ. "ಹುಡುಗಿ ಹೆಂಗ್ರಿ?" ಎಂದು ಬೀಗರು ಬಾಯಿಮಾತಿಗೆ ಕೇಳಿದ್ದು. ಕಾಕಾ ಶುರು ಮಾಡಿದರು ನೋಡಿ: "ಮುಂಜಾನೆ ಜಲ್ದಿ ಏಳೂದಿಲ್ಲ. ಸಾರಿಗೆ ಉಪ್ಪು ಒಂದು ಚೂರು ಮುಂದ. ಸಿಟ್ಟು ಬಂದ್ರ ಎರಡು ದಿನ ಬಾಯಿ ಬಿಡೂದಿಲ್ಲ." ಚಿಗವ್ವ ಒಳಗಿನಿಂದ "ಸಾಕ ಮಾಡ್ರೀ ಮಾರಾಯ್ರ!" ಎಂದು ಹಣೆ ಚಚ್ಚಿಕೊಂಡಳು. ಹುಡುಗನ ತಾಯಿ ನಕ್ಕು, "ಹಂಗಾದ್ರ ನಮ್ಮ ಹುಡುಗಂದೂ ಹೇಳಬೇಕಾಗ್ತದಲ್ರೀ" ಎಂದು ಅವನ ಗೊರಕೆಯಿಂದ ಹಿಡಿದು ಎಲ್ಲ ಬಿಚ್ಚಿಟ್ಟರಂತೆ. ಮದುವೆ ಅಲ್ಲೇ ಕುದುರಿತು.

ಇನ್ನೊಂದು ವಿದ್ಯೆ ಇತ್ತು ಅವರಿಗೆ. ಕ್ಯಾಮೆರಾ ಬಿಚ್ಚಿ ಒಳಗಿನ ಧೂಳು ನೋಡಿ ಅದು ಎಲ್ಲಿ ಬಾಳಿದೆ ಎಂದು ಹೇಳುತ್ತಿದ್ದರು. ಕೆಂಪು ಧೂಳಿದ್ದರೆ ಸಂಡೂರಿನ ಗಣಿ ಕಡೆಯದು, ನುಣ್ಣನೆಯ ತೌಡು ಸಿಕ್ಕರೆ ಕಂಪ್ಲಿಯ ಅಕ್ಕಿ ಗಿರಣಿಯದು, ಗರಗರ ಮರಳಿದ್ದರೆ ಹಂಪಿಯಲ್ಲಿ ಪ್ರವಾಸಿಗರ ಹಿಂದೆ ಅಲೆದದ್ದು. ನಾನು ನಂಬದೆ ಪರೀಕ್ಷೆ ಮಾಡಿದ್ದೂ ಉಂಟು. ಒಂದು ಸಲವೂ ತಪ್ಪಲಿಲ್ಲ.

ಈಗ ಆ ಲೆನ್ಸಿನ ವಿಷಯಕ್ಕೆ ಬರುತ್ತೇನೆ. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಂಪ್ಲಿಯ ಗಿರಣಿ ಸಾಹುಕಾರರೊಬ್ಬರ ಮಗಳ ಮದುವೆಯ ಫೋಟೋ ಕೆಲಸ ನನಗೆ ಸಿಕ್ಕಿತ್ತು. ಅಂಥ ದೊಡ್ಡ ಮದುವೆ ಅದೇ ಮೊದಲು. ಅದು ಚೆನ್ನಾಗಿ ಬಂದರೆ ಆ ಕಡೆಯ ಮದುವೆಗಳೆಲ್ಲ ನನ್ನವು, ಕೆಟ್ಟರೆ ಮತ್ತೆ ತೊಟ್ಟಿಲ ಫೋಟೋಗಳೇ ಗತಿ. ಕಲ್ಯಾಣಮಂಟಪದೊಳಗೆ ಬೆಳಕು ಕಮ್ಮಿ. ನನ್ನ ಹಳೇ ಲೆನ್ಸ್ ಅಲ್ಲಿ ಕುರುಡು. ಸಾಹುಕಾರರು ಕೊಟ್ಟ ಮುಂಗಡವನ್ನೆಲ್ಲ ಸುರಿದು, ಹಳೇ ಕ್ಯಾಮೆರಾ ಸಾಮಾನು ಮಾರುವ ಬೆಂಗಳೂರಿನ ಒಂದು ಆನ್‌ಲೈನ್ ಅಂಗಡಿಯಿಂದ ಬಳಸಿದ ಲೆನ್ಸ್ ತರಿಸಿದೆ. ಅವರು ಹಾಕಿದ್ದ ವಿವರಣೆ ನನಗೆ ಬಾಯಿಪಾಠವಾಗಿತ್ತು: 'ಹೊಸದರಂತೆಯೇ ಇದೆ. ಒಬ್ಬರೇ ಬಳಸಿದ್ದು. ಮನೆಯೊಳಗೆ ಮಾತ್ರ ಉಪಯೋಗಿಸಲಾಗಿದೆ. ಸಹಜ ಬಳಕೆಯ ಗುರುತುಗಳು ಇರಬಹುದು.'

ಡಬ್ಬಿ ತೆಗೆದಾಗ ನನ್ನ ಗಂಡ ಕೂಡ, "ಮಸ್ತ್ ಐತಲ್ಲೇ, ಪಳಪಳ ಅಂತೈತಿ" ಅಂದ. ಅವನು ಯಶವಂತನಗರದಲ್ಲಿ ಗಣಿ ಕಂಪನಿಯ ಬಸ್ ಓಡಿಸುತ್ತಾನೆ. ಪಳಪಳ ಅನ್ನುವುದೇನೂ ಆ ಗಣಿ ಧೂಳಿನಲ್ಲಿ ಅವನ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಆದರೆ ಫೋಟೋ ತೆಗೆದರೆ ಎಲ್ಲಾ ಹಾಲು ಚೆಲ್ಲಿದಂತೆ ಮಬ್ಬು. ದೀಪದೆದುರು ಹಿಡಿದರಂತೂ ಮುಖವೇ ಮಾಯ. ಮೊದಲು ನನ್ನ ಕೈಯದೇ ತಪ್ಪು ಅಂದುಕೊಂಡು ಎರಡು ದಿನ ಕಳೆದೆ. ಮೂರನೇ ದಿನ ಕಾಕಾನ ಹತ್ತಿರ ಹೋದೆ. ಅವರು ಟಾರ್ಚ್ ಬಿಟ್ಟು ನೋಡಿ, "ಒಳಗ ಬೂಷ್ಟು ಹಿಡದೈತಿ ಯವ್ವಾ. ಬಿಚ್ಚದ ಪೂರಾ ಹೇಳಾಕ ಬರೂದಿಲ್ಲ" ಅಂದರು.

ಮಾರಿದವರಿಗೆ ಬರೆದೆ. ವಿಡಿಯೋ ಕಳಿಸಿ ಅಂದರು, ಕಳಿಸಿದೆ. ಬಿಸಿಲಿನಲ್ಲಿ ಇನ್ನೊಂದು ಕಳಿಸಿ ಅಂದರು, ಅದನ್ನೂ ಕಳಿಸಿದೆ. 'ನಮ್ಮ ತಂಡ ಪರಿಶೀಲಿಸುತ್ತಿದೆ ಮೇಡಂ.' ಪರಿಶೀಲಿಸಿದರು, ಪರಿಶೀಲಿಸಿದರು, ಕಡೆಗೆ ಬಂದ ಉತ್ತರ: 'ಸಹಜ ಬಳಕೆಯ ಗುರುತುಗಳು ಇರಬಹುದು ಎಂದು ಮೊದಲೇ ತಿಳಿಸಿದ್ದೇವೆ. ನಿಮ್ಮ ಮನವಿ ಇನ್ನೂ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಬಿಚ್ಚಿದರೆ ವಾಪಸ್ ಪಡೆಯುವುದಿಲ್ಲ.' ಬಿಚ್ಚಿದರೆ ವಾಪಸ್ ಇಲ್ಲ, ಬಿಚ್ಚದಿದ್ದರೆ ಮದುವೆಗೆ ಲೆನ್ಸ್ ಇಲ್ಲ. ಮದುವೆಗೆ ನಾಲ್ಕು ದಿನ ಉಳಿದಿತ್ತು. ಮುಂಗಡ ವಾಪಸ್ ಕೊಟ್ಟು ಕೈಮುಗಿಯೋಣವೆಂದರೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ಎತ್ತ ಹೊರಳಿದರೂ ಗೋಡೆ.

"ಬಿಚ್ರಿ ಕಾಕಾ," ಅಂದೆ.

"ವಿಚಾರ ಮಾಡು. ಒಮ್ಮೆ ತಿರುಪಿಗೆ ಕೈ ಹಚ್ಚಿದೆ ಅಂದ್ರ ಅವ್ರು ಕೈ ತೊಳಕೊಂತಾರ."

"ಈಗೇನು ಹಿಡಕೊಂಡಾರೇನ್ರೀ? ಬಿಚ್ರಿ ಅಂದ್ನೆಲ್ಲ!"

ಬಿಚ್ಚಿದರು. ಮೊದಲ ಉಂಗುರ ಕಳಚಿದ ಕೂಡಲೇ ಬಿಳಿ ಬಟ್ಟೆಯ ಮೇಲೆ ಕೆಂಪು ಧೂಳು ಉದುರಿತು. "ಮನಿಯೊಳಗ ಬಳಸಿದ್ದಂತ?" ಎಂದು ಕಾಕಾ ನಕ್ಕರು. "ಇದು ಸಂಡೂರು ನೋಡು." ಬೆಂಗಳೂರಿಗೆ ಹೋಗಿ ಬಣ್ಣ ಹಚ್ಚಿಕೊಂಡು ನಮ್ಮೂರಿಗೇ ವಾಪಸ್ ಬಂದಿದೆಯಲ್ಲ ಎಂದು ನನಗೂ ನಗು ಬಂತು. ಎರಡನೇ ಉಂಗುರ ಕಳಚಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದವರು ಎಷ್ಟೋ ಹೊತ್ತು ಹಾಗೇ ಇದ್ದರು. ಕೊನೆಗೆ ಭೂತಗನ್ನಡಿ ತೆಗೆದು ನನ್ನ ಕೈಗಿಟ್ಟರು.

"ನೀನ ನೋಡು."

ನೋಡಿದೆ. ಸಾಸಿವೆಗಿಂತ ಸಣ್ಣ ತಿರುಪು, ಅದರ ತಲೆಯ ಮೇಲೆ ನೇರಳೆ ಬಣ್ಣದ ಒಂದು ಚುಕ್ಕೆ. ಹಾಕಿದ ತಿರುಪು ಸಡಿಲಾಗದಿರಲಿ ಎಂದು ಕಾಕಾ ಅದಕ್ಕೆ ಮಗಳ ನೇಲ್ ಪಾಲಿಶ್ ಒಂದು ಚುಕ್ಕೆ ಇಡುತ್ತಿದ್ದರು. ಮಗಳು ಗಂಡನ ಮನೆಗೆ ಹೋಗುವಾಗ ಬಿಟ್ಟುಹೋದ ಆ ಶೀಶೆ ಮೇಜಿನ ಮೇಲೆ ನನ್ನ ಎದುರಿಗೇ ಇತ್ತು.

"ಇದು ನಾನ ಬಿಚ್ಚಿದ್ದು," ಅಂದರು. "ಹೋದ ವರ್ಷ ಸಂಡೂರಿನವ್ರೊಬ್ರು ತಂದಿದ್ರು. ಬೂಷ್ಟು ಗಾಜಿನ ಲೇಪ ತಿಂದುಬಿಟ್ಟಿತ್ತು. ಇದು ಮುಗೀತ್ರಿ ಅಂದೆ. ನೋಡಾಕ ಸ್ವಚ್ಛ ಕಂಡ್ರ ಸಾಕು, ಒರಸಿ ಕೊಡ್ರಿ ಅಂದ್ರು. ಒರಸಿದೆ. ಒಂದು ಮಳಿಗಾಲ ತಡೀತೈತಿ, ಆಮ್ಯಾಲ ಮತ್ತ ಬರ್ತೈತಿ ಅಂತ ಗೊತ್ತಿತ್ತು."

"ಅವ್ರು ಮಾರಾಕಂತನ ಒರಸಾಕ ಹಚ್ಚಿದ್ದು ಅಂತ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಚೀಟಿ?"

"ಕಟ್ಟಿದ್ದೆ. ಹರದು ಒಗೀತಾರಂತ ಗೊತ್ತಿದ್ದ ಕಟ್ಟಿದ್ದೆ." ನೇಲ್ ಪಾಲಿಶ್ ಶೀಶೆ ಪಕ್ಕಕ್ಕೆ ಸರಿಸಿ, "ಆ ತಿಂಗಳು ಬಂದಿದ್ದು ಅದೊಂದ ಕೆಲಸ ಯವ್ವಾ" ಅಂದರು.

ನಾನು ಸುಮ್ಮನಿರುವ ಜಾತಿಯಲ್ಲ. "ಎಂಥಾ ಮನುಷ್ಯಾರ್ರಿ ನೀವು! ಹೆತ್ತ ಮಗಳ ಉಪ್ಪಿನ ಲೆಕ್ಕ ಬೀಗರಿಗೆ ಹೇಳ್ತೀರಿ, ಇದನ್ನ ಹೇಳಾಕ ಬಾಯಿಗೇನಾಗಿತ್ತು?" ಎಂದು ಗಲ್ಲಿಯೆಲ್ಲ ಕೇಳುವಂತೆ ಕೂಗಿದೆ. ಪಕ್ಕದ ಮೊಬೈಲ್ ಅಂಗಡಿಯವರು ಹೊರಗೆ ಬಂದು ನಿಂತರು. ಕಾಕಾ ಎದ್ದು ನಿಲ್ಲಲೂ ಜಾಗವಿಲ್ಲದೆ, ತಲೆ ತಗ್ಗಿಸಿ ಕೂತೇ ಬೈಸಿಕೊಂಡರು. ನಾನು ಬಿಚ್ಚಿದ ತುಂಡುಗಳನ್ನೆಲ್ಲ ಸೆರಗಿಗೆ ಸುರಿದುಕೊಂಡು ಬಸ್ಸು ಹತ್ತಿದೆ. ಮಲಪನಗುಡಿ ಬರುವವರೆಗೂ ಅತ್ತೆ.

ಮಾರನೇ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಕಾಕಾ ನಿಂತಿದ್ದಾರೆ. ಕೆಲಸದ ದಿನ ಅಂಗಡಿ ಮುಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ. ಕೈಯಲ್ಲಿ ಬಟ್ಟೆಯ ಗಂಟು. ಅದರೊಳಗೆ ಅವರ ಸ್ವಂತದ ಲೆನ್ಸ್, ವಯಸ್ಸಿನಲ್ಲಿದ್ದಾಗ ಕೊಂಡದ್ದು, ಯಾರಿಗೂ ಮುಟ್ಟಲು ಕೊಡದೆ ಗಾಜಿನ ಕಪಾಟಿನಲ್ಲಿ ಇಟ್ಟಿದ್ದು. ಒಳಗೆ ಬರ್ರಿ ಅನ್ನುವ ಮೊದಲೇ ಶುರು ಮಾಡಿದರು: "ಕೈಲೆ ಫೋಕಸ್ ಮಾಡಬೇಕು. ತಂಪಿಗೆ ಉಂಗುರ ಬಿಗಿ ಆಗ್ತೈತಿ, ಅಂಗೈಲೆ ಕಾಸಬೇಕು. ಹಿಂದಿನ ಒಂದು ತಿರುಪು ಇಲ್ಲ. ಒಮ್ಮೆ ಬಿದ್ದೈತಿ, ಹಂಗಾಗಿ ಎಡಗಡೆ ಮೂಲಿ ಮಸುಕು. ಆ ಮೂಲ್ಯಾಗ ಯಾರ ಮುಖಾನೂ ಇಡಬ್ಯಾಡ." ಅಷ್ಟು ಹೇಳಿ ಗಂಟನ್ನು ನನ್ನ ಕೈಗಿಟ್ಟರು. ನೀರು ಸಹ ಕುಡಿಯದೆ ಹೋದರು.

ಕಂಪ್ಲಿಯ ಮದುವೆಯಲ್ಲಿ ಆ ಲೆನ್ಸ್ ಅವರು ಹೇಳಿದಂತೆಯೇ ನಡೆದುಕೊಂಡಿತು. ಒಂದು ದೋಷವೂ ಹೆಚ್ಚಿರಲಿಲ್ಲ, ಒಂದೂ ಕಡಿಮೆಯಿರಲಿಲ್ಲ. ಎಡಮೂಲೆಯಲ್ಲಿ ಬಾಳೆಕಂಬ ನಿಲ್ಲಿಸಿಕೊಂಡೆ, ಹೂವಿನ ತಟ್ಟೆ ಇಟ್ಟುಕೊಂಡೆ. ಮುಖಗಳೆಲ್ಲ ಕಡೆದಿಟ್ಟಂತೆ ಬಂದವು. ಸಾಹುಕಾರರ ಹೆಂಡತಿ ಆಲ್ಬಮ್ ನೋಡಿ ಇನ್ನೆರಡು ಮನೆಗೆ ನನ್ನ ಹೆಸರು ಹೇಳಿದರು. ಲೆನ್ಸ್ ವಾಪಸ್ ಕೊಡಲು ಹೋದಾಗ ಬೈದದ್ದಕ್ಕೆ ತಪ್ಪಾಯಿತು ಅನ್ನಬೇಕೆಂದಿದ್ದೆ. ಕಾಕಾ ಮಾತು ತಿರುಗಿಸಿ ಚಹಾ ತರಿಸಿದರು. ಅಂದಿನಿಂದ ಮಾರುವುದಕ್ಕೆಂದು ಒರೆಸುವ ಕೆಲಸ ಬಿಟ್ಟರು ಎಂದು ಚಿಗವ್ವ ಹೇಳಿದಳು. ಹೇಳುವಾಗ ಅವಳ ಮುಖದಲ್ಲೇನೂ ಸಂತೋಷವಿರಲಿಲ್ಲ. ಮನೆ ನಡೆಸುವವಳು ಅವಳು.

ಕಾಕಾ ಹೋದದ್ದು ಈ ವರ್ಷದ ಬೇಸಿಗೆಯಲ್ಲಿ. ಅಂಗಡಿಯಲ್ಲೇ ಎದೆ ಹಿಡಿಯಿತು. ಆಸ್ಪತ್ರೆಗೆ ಹೋಗುವಾಗ ಆಟೋದವನಿಗೂ ತನ್ನ ದೇಹದ ವಿವರ ಕೊಟ್ಟರಂತೆ: "ಎಡಗೈ ಜೋಮು ಹಿಡದೈತಿ, ಉಸಿರು ಅರ್ಧಕ್ಕ ನಿಂದರ್ತೈತಿ, ಬ್ಯಾರೆ ಏನಿಲ್ಲ." ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮಣ್ಣಿಗೆ ಹೋದಾಗ ನಾನು ಅವರ ಮುಖ ನೋಡಿದೆ. ತಡೆಯಲಾಗಲಿಲ್ಲ, ಸಣ್ಣ ಹುಡುಗಿಯಂತೆ ಬಿಕ್ಕಿದೆ.

ತಿಂಗಳು ಕಳೆಯುವ ಮೊದಲೇ ಕಟ್ಟಡದ ಮಾಲೀಕರು ಮೆಟ್ಟಿಲ ಕೆಳಗಿನ ಜಾಗ ಖಾಲಿ ಮಾಡಿ ಅಂದರು. ಚಿಗವ್ವ ಆ ಲೆನ್ಸ್ ನನ್ನ ಮುಂದಿಟ್ಟು, "ಫೋನಿನ್ಯಾಗ ಹಾಕಿ ಮಾರಿಕೊಡು ಯವ್ವಾ" ಅಂದಳು. ನೀನೇ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೂಷ್ಟು ಹಿಡಿದ ಆ ಲೆನ್ಸಿಗೆ ಸುರಿದ ಹಣದ ಪೆಟ್ಟಿನಿಂದ ನಾನಿನ್ನೂ ಚೇತರಿಸಿಕೊಂಡಿರಲಿಲ್ಲ. ಕಾಕಾ ನನಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಬರೆದು ಹಾಕಿದೆ. ಒಬ್ಬರೂ ಕೇಳಲಿಲ್ಲ. ಒಂದು ವಾರ, ಎರಡು ವಾರ, ಮೂರು. "ಯಾರರ ಕೇಳಿದ್ರೇನವ್ವಾ?" ಎಂದು ಚಿಗವ್ವ ದಿನಾ ಫೋನ್ ಮಾಡುತ್ತಿದ್ದಳು. ಆ ದನಿ ಕೇಳಲಾಗದೆ ಒಂದು ಮಧ್ಯಾಹ್ನ ಒಂದು ಸಾಲು ತೆಗೆದುಹಾಕಿದೆ. ಎಡಮೂಲೆಯ ಸಾಲು. ಸುಳ್ಳೇನೂ ಬರೆಯಲಿಲ್ಲವಲ್ಲ, ಇದ್ದದ್ದರಲ್ಲಿ ಒಂದನ್ನು ಬರೆಯಲಿಲ್ಲ ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ.

ಎರಡೇ ದಿನಕ್ಕೆ ಸಂಡೂರಿನ ಕಡೆಯ ಶಾಲಾ ಮಾಸ್ತರರೊಬ್ಬರು ಬಂದರು. ಮಕ್ಕಳ ಫೋಟೋ ತೆಗೆಯುವ ಹುಚ್ಚು ಅವರಿಗೆ. ಲೆನ್ಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಚಲೋ ಐತೇನ್ರೀ ಮೇಡಂ?" ಎಂದು ಕೇಳಿದರು.

"ಚಲೋ ಐತ್ರಿ ಸರ್," ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಮೆಟ್ಟಿಲ ಕೆಳಗೆ ಕೂತು ಕಾಕಾ ಬೂಷ್ಟು ಹಿಡಿದ ಆ ಗಾಜು ಒರೆಸಿದ ದಿನ ಅವರಿಗೆ ಏನಾಗಿತ್ತು ಎನ್ನುವುದು ನನಗೆ ಅವತ್ತು ಅರ್ಥವಾಯಿತು.

ನಿನ್ನೆ ಮಾಸ್ತರರಿಂದ ಒಂದು ಫೋಟೋ ಬಂತು. ಅವರ ತರಗತಿಯ ಮಕ್ಕಳು ಸಾಲಾಗಿ ನಿಂತಿದ್ದಾರೆ. ಕೆಳಗೆ ಬರೆದಿದ್ದರು: 'ಎಡಗಡೆ ನಿಂತ ಇಬ್ಬರು ಮಸುಕಾಗಿ ಬಂದಾರ ಮೇಡಂ. ನಾಕು ಸಲ ತೆಗೆದ್ರೂ ಹಂಗ. ನನ್ನ ಕೈ ತಪ್ಪು ಇರಬೇಕು, ಹೆಂಗ ಹಿಡೀಬೇಕು ಹೇಳಿಕೊಡ್ರಿ.'

ಹಿಗ್ಗಿಸಿ ನೋಡಿದೆ. ಎರಡು ಜಡೆ ಹಾಕಿಕೊಂಡ ಇಬ್ಬರು ಹುಡುಗಿಯರು. ನಗುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ.

ಬೂಷ್ಟಿನ ಲೆನ್ಸಿನೊಳಗಿನ ಆ ನೇರಳೆ ಚುಕ್ಕೆ ಭೂತಗನ್ನಡಿಯಿಲ್ಲದೆ ನನಗೆ ಕಾಣುವಂಥದ್ದಲ್ಲ. ಕಾಕಾ ಉಗುರಿನಿಂದ ಒಮ್ಮೆ ಕೆರೆದಿದ್ದರೆ ಹೋಗಿಬಿಡುತ್ತಿತ್ತು, ನಾನು ಸಾಯುವವರೆಗೂ ಆ ಬೆಂಗಳೂರಿನವರನ್ನೇ ಬೈದುಕೊಂಡು ಇರುತ್ತಿದ್ದೆ. ಅವರು ಕೆರೆಯಲಿಲ್ಲ. ಭೂತಗನ್ನಡಿ ನನ್ನ ಕೈಗೆ ಕೊಟ್ಟು ನೀನೇ ನೋಡು ಅಂದರು. ಅವರು ಕೊಟ್ಟ ಲೆನ್ಸಿಗಿಂತ ದೊಡ್ಡ ಋಣ ಅದು. ಮಾಸ್ತರರ ಹಣ ಚಿಗವ್ವನ ಮನೆಗೆ ಹೋಗಿ ಖರ್ಚಾಗಿದೆ. ವಾಪಸ್ ಕೊಡುತ್ತೇನೆ ಎಂದು ಬರೆಯುವ ಶಕ್ತಿ ಇವತ್ತು ನನಗಿಲ್ಲ. ನಾಲ್ಕು ಸಲ ಬರೆದು ಅಳಿಸಿ ಐದನೇ ಸಲ ಹೀಗೆ ಬರೆದು ಕಳಿಸಿದೆ:

'ನಿಮ್ಮ ಕೈ ತಪ್ಪಲ್ಲ ಸರ್. ಲೆನ್ಸಿನ ಎಡಮೂಲೆ ಮಸುಕು. ನನಗೆ ಗೊತ್ತಿದ್ದೂ ಹೇಳಲಿಲ್ಲ. ಏನು ಅಂತೀರೋ ಅನ್ರಿ. ನಾಳೆ ನನ್ನ ಕ್ಯಾಮೆರಾ ತಗೊಂಡು ನಿಮ್ಮ ಶಾಲೆಗೆ ಬರ್ತೀನಿ. ಆ ಇಬ್ಬರು ಹುಡುಗಿಯರನ್ನ ನಡುವೆ ನಿಲ್ಲಿಸ್ರಿ.'