ಹಲೀಮಾ ಅವರ ಸಹಿಗಾಗಿ ಸ್ಲೈಗೋವರೆಗೆ

ಗುರುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನ ಮುಖ್ಯರಸ್ತೆಯಲ್ಲಿ ಬಸ್ ಹತ್ತಿದೆ. ಕಾರ್ಡ್ ತೋರಿಸಿದರೆ ಎರಡು ಯೂರೋ. ಮಳೆ ಬರುತ್ತಿದೆ ಎನ್ನುವಂತಿರಲಿಲ್ಲ, ಬರುತ್ತಿಲ್ಲ ಎನ್ನುವಂತೆಯೂ ಇರಲಿಲ್ಲ. ಹನ್ನೊಂದು ವರ್ಷದಿಂದ ಐರ್ಲೆಂಡಿನಲ್ಲಿರುವ ನನಗೆ ಇದು ಒಳ್ಳೆಯ ಹವೆಯೇ. ತೊಡೆಯ ಮೇಲಿದ್ದ ನೀಲಿ ಫೈಲಿನಲ್ಲಿ ಹಲೀಮಾ ಎಂಬವರ ಅಫಿಡವಿಟ್ ಇತ್ತು. ಅದಕ್ಕೆ ಸಹಿ ಬಿದ್ದು ಮರುದಿನ ಮಧ್ಯಾಹ್ನದೊಳಗೆ ಡಬ್ಲಿನ್ ಕೋರ್ಟಿಗೆ ತಲುಪದಿದ್ದರೆ ಅವರ ಹೆಸರು ಮೊಕದ್ದಮೆಯಿಂದ ಬಿಟ್ಟುಹೋಗುತ್ತಿತ್ತು.

ಮೊಕದ್ದಮೆ ಏನೆಂದು ಹೇಳಿಬಿಡುತ್ತೇನೆ. ಸುಡಾನಿನ ಯುದ್ಧದಲ್ಲಿ ಹಲೀಮಾ ಅವರ ಹಳ್ಳಿಯನ್ನು ಸೈನಿಕರು ಜೀಪುಗಳಲ್ಲಿ ಬಂದು ಸುಟ್ಟರು. ಆ ಜೀಪುಗಳಿಗೆ ಇಂಧನದ ಡ್ರಮ್ಮುಗಳನ್ನು ತಂದಿಳಿಸಿದ್ದು ಡಬ್ಲಿನ್ನಿನಲ್ಲಿ ಕಚೇರಿ ಇರುವ ಒಂದು ಸರಕು ವಿಮಾನದ ಕಂಪನಿ. ಬದುಕುಳಿದು ಈ ದೇಶಕ್ಕೆ ಬಂದ ಕೆಲವರು ಆ ಕಂಪನಿಯಿಂದ ಪರಿಹಾರ ಕೇಳಿ ಕೋರ್ಟಿಗೆ ಹೋಗಿದ್ದಾರೆ. ನಾನು ಮೈಸೂರಿನವನು, ಏರ್‌ಪೋರ್ಟಿನ ಬಳಿ ಸರಕಿನ ಕಾಗದಪತ್ರ ನೋಡುವ ಕೆಲಸ. ಮೊಕದ್ದಮೆ ನಡೆಸುವ ವಕೀಲೆ ಓರ್ಲಾಗೆ ಇಂಥ ಕಾಗದ ಓದಬಲ್ಲವರು ಬೇಕಾಗಿದ್ದರು. ಆರು ತಿಂಗಳ ಶನಿವಾರಗಳನ್ನು ಅವಳ ಕಚೇರಿಯಲ್ಲಿ ಕಳೆದೆ. ಹಳ್ಳಿ ಉರಿಯುವುದಕ್ಕೆ ಮೂರು ದಿನ ಮೊದಲು ಡ್ರಮ್ಮುಗಳು ಇಳಿದದ್ದನ್ನು ಹುಡುಕಿಕೊಟ್ಟವನು ನಾನೇ. 'ಡ್ರಮ್ಮು ತಂದದ್ದು ನಿಜ, ಯಾರ ಜೀಪಿಗೆ ಹೋಯಿತೋ ನಮಗೆ ಗೊತ್ತಿಲ್ಲ' ಎಂಬುದು ಕಂಪನಿಯ ಮಾತು. ಸೈನಿಕರು ಅವನ್ನು ಉರುಳಿಸಿಕೊಂಡು ಹೋದದ್ದನ್ನು ಕಣ್ಣಾರೆ ಕಂಡವರು, ನಮಗೆ ಸಿಕ್ಕವರಲ್ಲಿ, ಹಲೀಮಾ ಒಬ್ಬರೇ.

ಓರ್ಲಾಳ ಕಚೇರಿಯವರು ಅಫಿಡವಿಟ್ಟನ್ನು ಎರಡು ಸಲ ಅಂಚೆಯಲ್ಲಿ ಕಳಿಸಿದ್ದರು. ಹಲೀಮಾ ಲಕೋಟೆ ಒಡೆಯಲೇ ಇಲ್ಲ. ಹಾಗಾಗಿ ನಾನು ರಜೆ ಹಾಕಿ ಹೊರಟೆ.

ನಮ್ಮಪ್ಪ ಮೂವತ್ತು ವರ್ಷ ಮೈಸೂರು ಕೋರ್ಟಿನ ಮುಂದೆ ಟೈಪ್ ಮಾಡುತ್ತಿದ್ದರು. "ಎಲ್ಲಾ ತುಂಬಿಸಿದೀನಿ, ಇಲ್ಲೊಂದು ಸೈನ್ ಹಾಕಿ" ಎನ್ನುವುದು ಅವರ ದಿನದ ಮಾತು. ಕಕ್ಷಿದಾರರಿಗೆ ತೊಂದರೆ ಕೊಡದಿರುವುದೇ ಒಳ್ಳೆಯ ಕೆಲಸ ಎಂದು ನಾನು ಕಲಿತದ್ದು ಅಲ್ಲಿಯೇ. ಹಲೀಮಾ ಫೋನಿನಲ್ಲಿ ಹೇಳಿದ್ದನ್ನು ಓರ್ಲಾ ಬರೆದುಕೊಂಡಿದ್ದ ಟಿಪ್ಪಣಿ ನೋಡಿ ನಾನೂ ಒಂದು ಜಾಗ ಬಿಡದೆ ತುಂಬಿಸಿದ್ದೆ, ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ, ಮೂರು ಸೆಟ್ ಝೆರಾಕ್ಸ್ ಮಾಡಿಸಿದ್ದೆ. ಜಂಬವೂ ಸಾಕಷ್ಟಿತ್ತು.

ಡಬ್ಲಿನ್ನಿನ ಕಾನಲಿ ನಿಲ್ದಾಣದಿಂದ ಸ್ಲೈಗೋಗೆ ಇನ್ನೂರು ಕಿಲೋಮೀಟರಿಗೂ ಮೇಲೆ, ರೈಲಿನಲ್ಲಿ ಮೂರು ಗಂಟೆ. ಮೊದಲೇ ಬುಕ್ ಮಾಡಿದ್ದರಿಂದ ಹೋಗಿಬರಲು ಮೂವತ್ತು ಯೂರೋ ಚಿಲ್ಲರೆ. ಮುಲ್ಲಿಂಗಾರ್ ದಾಟಿದ ಮೇಲೆ ಎದುರು ಸೀಟಿನ ಅಜ್ಜಿ ನನ್ನ ಫೈಲು ನೋಡಿ, ಆಸ್ಪತ್ರೆಗೆ ಹೊರಟಿದ್ದೀರಾ ಎಂದು ಕೇಳಿದರು. ಇಲ್ಲ, ಒಂದು ಕಂಪನಿಯ ಮೇಲಿನ ಕೇಸು ಎಂದೆ.

"ಹಾಗಾದರೆ ಬಿಡಬೇಡಿ ಅವರನ್ನ" ಎಂದು ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದರು. ಕೇಸು ಯಾವುದೆಂದೂ ಕೇಳಲಿಲ್ಲ. ಈ ದೇಶದಲ್ಲಿ ನನಗೆ ಇಷ್ಟವಾಗುವುದು ಇಂಥವರೇ.

ಸ್ಲೈಗೋದಲ್ಲಿ ಫ್ಲೇವಿಯಾ ಕಾರು ತಂದಿದ್ದರು. ಮಂಗಳೂರಿನವರು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಹಲೀಮಾ ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ಇಬ್ಬರಿಗೂ ಹಳೆಯ ಸ್ನೇಹ.

"ಅಣ್ಣಾ, ಮೊದ್ಲು ಊಟ, ಆಮೇಲೆ ಕೋರ್ಟು ಗೀರ್ಟು" ಎಂದರು ಫ್ಲೇವಿಯಾ. ಅವರ ಮನೆಯಲ್ಲಿ ಮಂಗಳೂರಿನ ‘ಸಣ್ಣ’ ಎಂಬ ಬಿಸಿ ಇಡ್ಲಿ, ಕೋಳಿ ಸಾರು. ಸಾರಿಗೆ ಇನ್ನಷ್ಟು ಖಾರ ಬೇಕೆಂದು ನಾನು ಹೇಳಿದ್ದಕ್ಕೆ, "ನನ್ ಮಕ್ಳಿಗೆ ಇದೇ ಜಾಸ್ತಿ, ಸುಮ್ನೆ ತಿನ್ನಿ, ಗ್ರ್ಯಾಂಡ್ ಆಗಿದೆ" ಎಂದು ಬಾಯಿ ಮುಚ್ಚಿಸಿದರು.

ಹನ್ನೆರಡಕ್ಕೆ ಹಲೀಮಾ ಬಂದರು. ಅರವತ್ತರ ಹತ್ತಿರದ, ಎತ್ತರದ ಹೆಂಗಸು. ನಾನು ಪೆನ್ನು ಕೊಟ್ಟು ಗುರುತು ಹಾಕಿದ ಜಾಗ ತೋರಿಸಿದೆ. ಅವರು ಪೆನ್ನನ್ನು ಪಕ್ಕಕ್ಕಿಟ್ಟು ಮೊದಲ ಪುಟದಿಂದ ಸಾಲು ಸಾಲಿಗೂ ಬೆರಳಿಟ್ಟು ಓದತೊಡಗಿದರು. ಕುಟುಂಬದ ವಿವರದ ಪುಟದಲ್ಲಿ ಬೆರಳು ನಿಂತಿತು.

"ಇದನ್ನು ಬರೆದವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಾನೇ" ಎಂದೆ, ಹೆಮ್ಮೆಯಿಂದಲೇ.

"ನನ್ನ ಮಗ ಯೂಸುಫ್ ಸತ್ತಿದ್ದಾನೆಂದು ನಿಮಗೆ ಯಾರು ಹೇಳಿದರು?"

ಟಿಪ್ಪಣಿಯಲ್ಲಿ ಗಂಡ ಮತ್ತು ಇಬ್ಬರು ತಮ್ಮಂದಿರ ಮುಂದೆ 'ಮೃತ' ಎಂದಿತ್ತು. ಮಗನ ಮುಂದಿನ ಜಾಗ ಖಾಲಿ ಇತ್ತು. ಕಚೇರಿಯವರು ಮರೆತಿರಬೇಕು ಎಂದುಕೊಂಡು ನಾನೇ ತುಂಬಿಸಿಬಿಟ್ಟಿದ್ದೆ. ಹಲೀಮಾ ಕಾಗದ ಮಡಚಿ ನನ್ನ ಕಡೆ ಸರಿಸಿದರು. "ನಾನು ಸಹಿ ಹಾಕುವುದಿಲ್ಲ. ಉಳಿದವರು ಕೇಸು ನಡೆಸಲಿ."

ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಫ್ಲೇವಿಯಾ ಕನ್ನಡದಲ್ಲಿ ಮೆಲ್ಲಗೆ ಗದರಿದರು. "ಏನ್ ಮಾಡ್ಬಿಟ್ರಿ ಅಣ್ಣಾ? ಎಷ್ಟು ಫಾರಂ ಬಂದ್ರೂ ಆ ಒಂದು ಜಾಗ ಅವ್ರು ಖಾಲಿನೇ ಬಿಡೋದು. ಅದನ್ನ ನೋಡ್ಬೇಕಲ್ಲ ಅಂತ್ಲೇ ಲಕೋಟೆನೂ ಒಡೀಲಿಲ್ಲ."

"ನಾನು ಕೇಳ್ಬೇಕಿತ್ತು."

"ಈಗ್ ಕೇಳಿ ಮತ್ತೆ. ಬಾಯಿಲ್ವಾ?"

ಕ್ಷಮೆ ಕೇಳಿದೆ. ಆಮೇಲೆ, ಯೂಸುಫ್‌ಗೆ ಏನಾಯಿತು ಎಂದು ಕೇಳಿದೆ. ಹಲೀಮಾ ಹೇಳಿದರು. ಹಳ್ಳಿ ಉರಿದ ಮರುದಿನ ಅದೇ ವಿಮಾನ ಮತ್ತೆ ಡ್ರಮ್ಮು ತಂದಿತ್ತು. ಹಲೀಮಾ ಪಕ್ಕದ, ಕೊಯ್ಲಾಗದ ಜೋಳದ ಹೊಲದಲ್ಲಿ ಬೋರಲು ಬಿದ್ದು ಅಡಗಿದ್ದರು. ಡ್ರಮ್ಮು ಇಳಿದ ಮೇಲೆ ಸೈನಿಕರು ಊರಿನ ಹುಡುಗರನ್ನು ಕೈ ಕಟ್ಟಿ ಆ ವಿಮಾನಕ್ಕೆ ಹತ್ತಿಸಿದರು. ಇಪ್ಪತ್ತೆಂಟು ಜನ. ಸಾಲಿನಲ್ಲಿ ಯೂಸುಫ್ ಹದಿನಾಲ್ಕನೆಯವನು. ವಿಮಾನ ಹಾರಿತು.

"ಅವನು ಸತ್ತದ್ದನ್ನು ನಾನು ನೋಡಿಲ್ಲ. ಹತ್ತಿದ್ದನ್ನು ನೋಡಿದ್ದೇನೆ" ಎಂದರು. "ವಕೀಲರು ಡ್ರಮ್ಮಿನ ಬಗ್ಗೆ ಕೇಳಿದರು, ಡ್ರಮ್ಮಿನ ಬಗ್ಗೆ ಹೇಳಿದೆ. ಇದನ್ನು ಯಾರೂ ಕೇಳಲಿಲ್ಲ."

ಹೊರಗೆ ಹೋಗಿ ಓರ್ಲಾಗೆ ಫೋನ್ ಮಾಡಿದೆ. "ಅವರೇ ತಮ್ಮ ಮಾತಿನಲ್ಲಿ ಬರೆಯಲಿ. ನೀವು ಪೆನ್ನು ಮುಟ್ಟಬೇಡಿ" ಎಂದಳು. ಎರಡನೆಯ ವಾಕ್ಯವನ್ನು ಅಷ್ಟು ಒತ್ತಿ ಹೇಳಬೇಕಾಗಿರಲಿಲ್ಲ.

ನಾನು ಬರೆದದ್ದನ್ನು ಹಲೀಮಾ ಒಂದೇ ಗೆರೆಯಲ್ಲಿ ಹೊಡೆದುಹಾಕಿದರು. ಕೆಳಗೆ ಆ ವಿಮಾನದ ಸಂಗತಿಯನ್ನು ಒಂಬತ್ತು ಸಾಲುಗಳಲ್ಲಿ ಬರೆದರು. ಪ್ರಮಾಣ ಮಾಡಿಸಲು ಕೇಸಿಗೆ ಸಂಬಂಧವಿಲ್ಲದ ವಕೀಲರೇ ಬೇಕು. ಪೇಟೆಯಲ್ಲಿ ಅಂಥ ಒಬ್ಬ ಮುದುಕರಿದ್ದರು. ಬಟ್ಟೆಯಲ್ಲಿ ಸುತ್ತಿದ್ದ ಕುರಾನನ್ನು ಕಪಾಟಿನ ಮೇಲಿನ ಖಾನೆಯಿಂದ ಎರಡೂ ಕೈಯಲ್ಲಿ ಇಳಿಸಿ ಕೊಟ್ಟರು. ಹಲೀಮಾ ಅದನ್ನು ಹಿಡಿದು ಪ್ರಮಾಣ ಮಾಡಿ ಸಹಿ ಹಾಕಿದರು. ಹೊಡೆದುಹಾಕಿದ ಜಾಗದಲ್ಲೂ ಹೊಸ ಸಾಲುಗಳ ಪಕ್ಕದಲ್ಲೂ ಅವರೂ ವಕೀಲರೂ ಚಿಕ್ಕ ಸಹಿ ಹಾಕಿದರು. ಹಲೀಮಾ ಹೊರಬಂದು, ಶಿಫ್ಟಿಗೆ ಹೊತ್ತಾಯಿತು ಎಂದು ಬೀಸುಗಾಲಿನಲ್ಲಿ ಹೊರಟೇಬಿಟ್ಟರು.

ಮೂರು ಗಂಟೆಯ ರೈಲು ಸಿಕ್ಕಿತು. ಮೋಡ ಸರಿದು ಬೆನ್‌ಬುಲ್ಬೆನ್ ಬೆಟ್ಟ ಪೂರ್ತಿ ಕಾಣುತ್ತಿತ್ತು, ಆದರೆ ನನಗೆ ನೋಡುವ ವ್ಯವಧಾನವಿರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಆ ವಿಮಾನ ಹಿಂತಿರುಗಿದ ದಿನದ ಕಾಗದ ಹುಡುಕಿದೆ. ಅದು ಏನು ತಂದಿತು ಎಂಬುದನ್ನೇ ಆರು ತಿಂಗಳು ನೋಡಿದ್ದ ನಾನು, ಹೋಗುವಾಗಿನ ಕಾಗದವನ್ನು ತೆರೆದೇ ಇರಲಿಲ್ಲ. ಸರಕು ಇಲ್ಲ, ಪ್ರಯಾಣಿಕರು ಇಲ್ಲ ಎಂದಿತ್ತು. ಆದರೆ ನಮ್ಮ ಕೆಲಸದಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತು: ಪೈಲಟ್ ಏನನ್ನಾದರೂ ಮುಚ್ಚಿಡಬಹುದು, ತೂಕವನ್ನು ಮಾತ್ರ ಮುಚ್ಚಿಡಲಾರ. ತಪ್ಪು ತೂಕ ಹಿಡಿದು ಹಾರಿಸಿದರೆ ಅವನ ಜೀವಕ್ಕೇ ಸಂಚಕಾರ. ಹಾರುವಾಗಿನ ಒಟ್ಟು ತೂಕದಿಂದ ಖಾಲಿ ವಿಮಾನದ ತೂಕ, ಇಂಧನ, ಸಿಬ್ಬಂದಿ ಎಲ್ಲವನ್ನೂ ಕಳೆದೆ. ಸಾವಿರದ ಏಳುನೂರ ನಲವತ್ತು ಕಿಲೋ ಉಳಿಯಿತು. ಇಪ್ಪತ್ತೆಂಟರಿಂದ ಭಾಗಿಸಿದೆ. ತಲೆಗೆ ಅರವತ್ತೆರಡು ಕಿಲೋ.

ಈ ಲೆಕ್ಕವನ್ನು ಓರ್ಲಾಗೆ ಕಳಿಸಿದ ಕೂಡಲೇ ಉತ್ತರ ಬಂತು: 'ಹುಡುಗರನ್ನು ಎಲ್ಲಿ ಇಳಿಸಿದರೆಂದು ಕಂಪನಿಯೇ ಕೋರ್ಟಿನಲ್ಲಿ ಹೇಳಬೇಕು, ಹೇಳಿಸೋಣ.' ಹೇಳಿಸುತ್ತೇವೆ, ನನಗೆ ಅನುಮಾನವಿಲ್ಲ.

ಬಾಯ್ಲ್ ನಿಲ್ದಾಣ ದಾಟುವಾಗ ಆಸ್ಪತ್ರೆಯ ಅಡುಗೆಮನೆಗೆ ಫೋನ್ ಮಾಡಿದೆ. ಕಾಗದದಲ್ಲಿದ್ದದ್ದನ್ನು ಹಲೀಮಾ ಅವರಿಗೆ ಒಂದೊಂದಾಗಿ ಬಿಡಿಸಿ ಹೇಳಿದೆ.

"ಹಾಗಾದರೆ ಆ ಲೆಕ್ಕದಲ್ಲಿ ನನ್ನ ಮಗನ ತೂಕವೂ ಇದೆ" ಎಂದರು.

"ಇದೆ" ಎಂದೆ.